ಅಪ್ಪನ ಕರಿ ಟೋಪಿ

ಸ್ನೇಹಿತರೇ, ಇವತ್ತು ಮಳವಳ್ಳಿ ಪೇಟೆಯಲ್ಲಿ ಐದು ಬಟ್ಟೆ ಅಂಗಡಿ ಹತ್ತಿ ಇಳಿದೆ. ಬೇಕಿದ್ದದ್ದು ಒಂದೇ ಒಂದು ಕರಿ ಟೋಪಿ. ಅಪ್ಪ ಬೆಳಕವಾಡಿಯಲ್ಲಿ ಮೇಷ್ಟ್ರಾಗಿದ್ದಾಗಿಂದ ಹಾಕ್ಕೊಂಡಿದ್ದನ್ನ ಹೋದ ವಾರ ಇಲಿ ಕಡಿದು ಹಾಕಿತು. ಅವತ್ತಿನಿಂದ ಅಪ್ಪ ಹೊಸಿಲು ದಾಟಿಲ್ಲ.

"ಬರೀ ತಲೇಲಿ ಬೀದಿಗಿಳಿದ್ರೆ, ಮನೇಲಿ ಯಾರು ತೀರ್ಕೊಂಡ್ರು ಅಂತ ಜನ ಕೇಳ್ತಾರೆ ಕಣ್ಲಾ" ಅನ್ನೋದು ಅವರ ವಾದ.

ಅಂಗಡಿಯವರೆಲ್ಲ ಕ್ರಿಕೆಟ್ ಟೋಪಿ ತೋರಿಸಿದರು. ಕೊನೆಗೆ ಒಬ್ಬ, ನಾಟಕದ ಡ್ರೆಸ್ ಬಾಡಿಗೆಗೆ ಕೊಡೋ ಅಂಗಡಿಗೆ ಕಳಿಸಿದ. ಅಲ್ಲಿತ್ತು, ರಾಜನ ಕಿರೀಟದ ಪಕ್ಕದಲ್ಲಿ!

"ಬಾಡ್ಗೆಗೆ ಮಾತ್ರ ಸಾ. ಯಾವ ನಾಟ್ಕ?" ಅಂದ ಅಂಗಡಿಯವನು.

"ನಾಟ್ಕಕ್ಕಲ್ಲ ಕಣಯ್ಯ, ನಮ್ಮಪ್ಪಂಗೆ."

"ಓ, ಯಜಮಾನ್ರೇ ಪಾರ್ಟು ಮಾಡ್ತರಾ? ಏನ್ ಪಾರ್ಟು?"

ಸಿಟ್ಟು ಬಂದು ಎದ್ದು ಬಂದೆ. ಆದರೆ ಅವನನ್ನು ಬೈಯೋಕೆ ನಾನ್ಯಾರು? ನನ್ನ ಐವತ್ತೈದು ವರ್ಷದ ತಲೆ ಹೆಲ್ಮೆಟ್ ಬಿಟ್ಟು ಇನ್ನೇನನ್ನೂ ಹೊತ್ತಿಲ್ಲ.

ಸಂಜೆ ಬಲವಂತ ಮಾಡಿ ಅಪ್ಪನನ್ನ ಬರೀ ತಲೆಯಲ್ಲೇ ಹೊರಡಿಸಿದೆ. ಬಸ್‌ಸ್ಟ್ಯಾಂಡ್ ತನಕ ನಡೆದು, ಕಾಫಿ ಕುಡಿದು ವಾಪಸ್ ಬಂದೆವು. ಎದುರಿಗೆ ಬಂದ ಒಬ್ಬೊಬ್ಬರ ಮುಖವನ್ನೂ ಅಪ್ಪ ನೋಡುತ್ತಿದ್ದರು. ಯಾರೂ ಸತ್ತಿಲ್ಲ, ಇಲಿ ಕಡಿದಿದೆ ಅಷ್ಟೇ ಅಂತ ಉತ್ತರ ರೆಡಿ ಇಟ್ಟುಕೊಂಡಿದ್ದರು. ನಾಲ್ಕೈದು ಜನ "ನಮಸ್ಕಾರ ಮೇಷ್ಟ್ರೇ" ಅಂದು ಮುಂದೆ ಹೋದರು.

ಮನೆ ಮೆಟ್ಟಿಲು ಹತ್ತುವಾಗ ಅಪ್ಪ ಮೆಲ್ಲಗೆ ಅಂದರು: "ಒಬ್ರೂ ಕೇಳ್ನಿಲ್ವಲ್ಲಾ."

ಕೇಳೋರೆಲ್ಲ ಟೋಪಿ ಸಮೇತ ಹೋಗಿ ಆಯ್ತು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.