ನಾನು ಮುಟ್ಟಿದ ಹರಳು

ಪುಟ್ಟಿ, ಚಿನ್ನು, ನಿಮ್ಮ ಅವ್ವನ ಬೆರಳಲ್ಲಿರುವ ಉಂಗುರದ ಬಗ್ಗೆ ನಿಮಗೆ ಯಾರ್ಯಾರೋ ಏನೇನೋ ಹೇಳಿದ್ದಾರೆ, ಇನ್ನೂ ಹೇಳುತ್ತಾರೆ. ನನಗೆ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಾಗಳದ ಶಾಲೆಯಲ್ಲಿ ಕಲಿತ ಅಕ್ಷರ ಇಷ್ಟಕ್ಕೆ ಸಾಕು.

ನಿಮ್ಮ ಅಪ್ಪನ ನಿಶ್ಚಿತಾರ್ಥ ಗೊತ್ತಾದಾಗ ನಿಮ್ಮ ಅಜ್ಜ ತೀರಿಕೊಂಡು ಬಹಳ ಕಾಲವಾಗಿರಲಿಲ್ಲ. ಅವರು ಹೋದ ಮೇಲೆ ನಮ್ಮ ಮನೆಯ ಶುಭಕಾರ್ಯಗಳನ್ನೆಲ್ಲ ನನ್ನ ನೆಗೆಣ್ಣಿ, ಅಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ, ತನ್ನ ಕೈಗೆ ತೆಗೆದುಕೊಂಡಿದ್ದಳು. ನೀವು ದೊಡ್ಡಜ್ಜಿ ಅನ್ನುತ್ತೀರಲ್ಲ, ಆಕೆಯೇ. ಸೀರೆ ಇರಲಿ, ಬಳೆ ಇರಲಿ, ಮೊದಲು ಮುತ್ತೈದೆಯ ಕೈ ಬೀಳಬೇಕು, ವಿಧವೆ ಮುಟ್ಟಿದ್ದು ಶುಭಕ್ಕೆ ಬರುವುದಿಲ್ಲ ಎಂಬುದು ಮೊದಲಿನಿಂದ ಬಂದದ್ದು. ಬೇರೆ ಮನೆಗಳಲ್ಲಿ ಅದನ್ನು ಸದ್ದಿಲ್ಲದೆ ನಡೆಸುತ್ತಾರೆ. ಆಕೆ ಮಾತ್ರ ಕೋಲು ಹಿಡಿದಂತೆ ಹಿಡಿದಿದ್ದಳು. ನಾನು ಕುಂಕುಮದ ಬಟ್ಟಲಿನ ಹತ್ತಿರ ಹಾದುಹೋದರೂ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದಳು, ಬಂದವರಿಗೆಲ್ಲ ಕಾಣುವ ಹಾಗೆ.

ಕೊಟ್ಟೂರಿನ ಹುಡುಗಿಯಾದ ನಿಮ್ಮ ಅವ್ವ ನನಗೇ ಫೋನ್ ಮಾಡಿದಳು. ಗುಂಡಗಿನ ವಜ್ರ ಬೇಡ, ಮಲ್ಲಿಗೆ ಮೊಗ್ಗಿನ ಹಾಗೆ ಉದ್ದಕ್ಕಿದ್ದು ಎರಡೂ ತುದಿ ಚೂಪಾಗಿರುವುದು ಬೇಕು, ಅದಕ್ಕೆ ಮಾರ್ಕೀಸ್ ಕಟ್ ಅನ್ನುತ್ತಾರೆ ಎಂದಳು. ಕೊನೆಗೆ, "ಅತ್ತೀ, ನೀವ ಆರಿಸಿ ತರ್ರಿ. ಬ್ಯಾರೇದವರ ಕೈಯಾಗ ಬಿಡಬ್ಯಾಡ್ರಿ" ಎಂದಳು. ಆಗಲಿ ಎಂದು ಮಾತು ಕೊಟ್ಟೆ. ಗಂಡ ಹೋದಮೇಲೆ ನನಗೆ ಏನನ್ನಾದರೂ ಆರಿಸು ಎಂದವಳು ಅವಳೊಬ್ಬಳೇ. ಕೊಟ್ಟ ಮಾತನ್ನು ಉಳಿಸಿಕೊಳ್ಳಲೇಬೇಕಿತ್ತು.

ಹಗರಿಬೊಮ್ಮನಹಳ್ಳಿಯ ಬಂಗಾರದ ಅಂಗಡಿಯವನು ನಿಮ್ಮ ಅಪ್ಪ ಹೇಳಿದ್ದಕ್ಕೆ ಆ ಆಕಾರದ ಹರಳುಗಳನ್ನು ಹೊರಗಿನಿಂದ ತರಿಸಿಟ್ಟಿದ್ದ. ನಿಮ್ಮ ಅಪ್ಪ, ನಾನು ಹೊರಟೆವು. ಕರೆಯದೆಯೇ ನೆಗೆಣ್ಣಿಯೂ ಕಾರಿನ ಮುಂದಿನ ಸೀಟಿನಲ್ಲಿ ಬಂದು ಕೂತಿದ್ದಳು. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಕೌಂಟರಿಗೆ ಒಂದು ಮಾರು ದೂರದಲ್ಲಿ ಗೋಡೆಯ ಹತ್ತಿರವಿದ್ದ ಬೆಂಚು ತೋರಿಸಿದಳು.

"ನೀ ಅಲ್ಲೇ ಕುಂದ್ರವ್ವ. ಶುಭದ ಸಾಮಾನು ಇದು. ನಿನಗ ಗೊತ್ತಿಲ್ಲದ್ದೇನು?"

ಅಂಗಡಿಯ ಹುಡುಗಿಯರೆಲ್ಲ ನನ್ನ ಬರಿ ಹಣೆಯನ್ನು ನೋಡಿದರು. ನಾನು ಹೋಗಿ ಕೂತೆ. ನಿಮ್ಮ ಅಪ್ಪ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದ. ಅದನ್ನು ನಾನು ಇವತ್ತಿಗೂ ಮರೆತಿಲ್ಲ, ಅವನಿಗೂ ಹೇಳಿದ್ದೇನೆ.

ಅಂಗಡಿಯವನು ಕಪ್ಪು ಬಟ್ಟೆಯ ಮೇಲೆ ಕೆಲವು ಹರಳುಗಳನ್ನು ಚಿಮುಟದಿಂದ ಸಾಲಾಗಿ ಇಟ್ಟ. ನೆಗೆಣ್ಣಿ ಅವನ್ನು ನೋಡಲೇ ಇಲ್ಲ. ಆಕೆಯ ಮನೆಯವರದು ಹಡಗಲಿಯಲ್ಲಿ ಮಲ್ಲಿಗೆ ವ್ಯಾಪಾರ. ಮೊಗ್ಗಿನ ಬುಟ್ಟಿ ಬಂದರೆ ಮೇಲಿನವನ್ನು ಬದಿಗೆ ಸರಿಸಿ ತಳಕ್ಕೆ ಕೈ ಹಾಕುವುದು ಆಕೆಯ ರೂಢಿ, ಏಕೆಂದರೆ ಮಾರುವವರು ಒಳ್ಳೆಯದನ್ನು ಮೇಲೆ ಹರಡಿ ಬಾಡಿದ್ದನ್ನು ಕೆಳಗೆ ಮುಚ್ಚುತ್ತಾರೆ. ವಜ್ರದವನನ್ನೂ ಆಕೆ ಹಾಗೇ ತಿಳಿದಳು. ಮೇಲಿನವು ಮೋಸಕ್ಕೆ ಇಟ್ಟವು, ಡಬ್ಬಿಯ ತಳದ ಪೊಟ್ಟಣ ಬಿಚ್ಚು ಎಂದು ಗದರಿದಳು. ಅವು ಎರಡನೆಯ ದರ್ಜೆಯವು ಎಂದು ಆತ ಹೇಳಿದ. ಕಳ್ಳನ ಮುಖ ನೋಡಿದರೇ ಗೊತ್ತಾಗುತ್ತದೆ ಎಂದು ಆಕೆ ಜೋರಾಗಿಯೇ ನಿಮ್ಮ ಅಪ್ಪನಿಗೆ ಹೇಳಿದಳು. ಆತನ ಮುಖ ಗಂಟಾಯಿತು. ಕೇಳಿದ ಪೊಟ್ಟಣವನ್ನು ಬಿಚ್ಚಿ ಅವುಗಳನ್ನೂ ಬಟ್ಟೆಯ ಮೇಲೆ ಸುರಿದ.

ಆಕೆ ಅದರೊಳಗಿನ ದಪ್ಪನೆಯದೊಂದನ್ನು ಬೆಳಕಿಗೆ ಹಿಡಿದು ಇದೇ ಇರಲಿ ಎಂದಳು. ಹಗಲು ಬೆಳಕು ಬಾಗಿಲಿಂದ ನೇರ ಬೀಳುತ್ತಿತ್ತು. ಬೆಂಚಿನಿಂದಲೇ ನನಗೆ ಕಂಡಿತು, ಹರಳಿನ ನಟ್ಟನಡುವೆ ಅಡ್ಡಕ್ಕೆ ಕಪ್ಪು ನೆರಳು. ಬೆರಳಿಂದ ಹಿಸುಕಿದ ಮೊಗ್ಗಿನ ಹಾಗಿತ್ತು. ನಡುವೆ ಕಪ್ಪಿದೆ ಎಂದು ಅಲ್ಲಿಂದಲೇ ಸಣ್ಣಗೆ ಹೇಳಿದೆ. ಆಕೆ ತಿರುಗಿಯೂ ನೋಡದೆ, "ನಿನ್ನ ಕಣ್ಣಿಗಿ ಈಗ ಎಲ್ಲಾ ಕಪ್ಪೇ ಕಾಣ್ತೈತಿ" ಎಂದಳು. ಹುಡುಗಿಯರಲ್ಲಿ ಒಬ್ಬಳು ನಕ್ಕಳು.

ಆಗ ಎದ್ದೆ. ಹೋಗಿ ಆಕೆಯ ಅಂಗೈಯಲ್ಲಿದ್ದ ಹರಳಿನ ಮೇಲೆ ಬೆರಳಿಟ್ಟೆ. ಬೆಂಕಿ ತಾಗಿದಂತೆ ಆಕೆ ಅದನ್ನು ಬಟ್ಟೆಯ ಮೇಲೆ ಒಗೆದಳು. ನಾನು ಅಲ್ಲಿಗೆ ಬಿಡಲಿಲ್ಲ. ಬಟ್ಟೆಯ ಮೇಲಿದ್ದ ಉಳಿದವನ್ನೂ, ಒಳ್ಳೆಯವನ್ನೂ ಕೆಟ್ಟವನ್ನೂ, ಒಂದೊಂದಾಗಿ ಮುಟ್ಟಿದೆ. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಏನು ಮಾಡಿದಿ ಇದು? ನಿನಗ ತಲಿ ನೆಟ್ಟಗ ಐತೇನು?" ಎಂದಳು ನೆಗೆಣ್ಣಿ.

"ಎಲ್ಲಾ ಮುಟ್ಟೀನಿ, ಅಕ್ಕಾ. ಇನ್ನ ನೀ ಆರಿಸೂ ಅಂಥಾದ್ದು ಒಂದೂ ಉಳಿದಿಲ್ಲ."

ಆಕೆ ನಿಮ್ಮ ಅಪ್ಪನ ಕಡೆ ನೋಡಿದಳು. ಅವನು ಫೋನ್ ಜೇಬಿಗಿಟ್ಟ. "ಅವ್ವಾ, ನೀ ಆರಿಸು" ಎಂದ. ಆಕೆ ಸೆರಗು ಕೊಡವಿ ಹೊರಗೆ ಹೋಗಿ ಕಾರಿನಲ್ಲಿ ಕೂತಳು.

ಅಂಗಡಿಯವನು ಹರಳುಗಳನ್ನೆಲ್ಲ ಮೆತ್ತನೆಯ ಬಟ್ಟೆಯಿಂದ ಒರೆಸಿ ಮತ್ತೆ ಇಟ್ಟ. ಈ ಕಟ್‌ನಲ್ಲಿ ನಡುವೆ ನೆರಳು ಸ್ವಲ್ಪವಾದರೂ ಇದ್ದೇ ಇರುತ್ತದೆ, ಅತಿ ಕಡಿಮೆ ಇರುವುದನ್ನು ನೋಡಿ, ಎರಡೂ ತುದಿ ಒಂದೇ ಗೆರೆಯಲ್ಲಿ ಬರಬೇಕು ಎಂದು ಹೇಳಿಕೊಟ್ಟ. ಬಾಗಿಲಿಗೆ ತಂದು ಹೊರಳಿಸಿ ಹೊರಳಿಸಿ ನೋಡಿದೆ. ಕೊನೆಗೆ ತೆಳ್ಳಗಿನದೊಂದನ್ನು ತೆಗೆದೆ. ತುದಿ ಮುರಿಯದಂತೆ ಎರಡೂ ಕಡೆ ಬಂಗಾರದ ಹಿಡಿ ಹಾಕಲು ನಾನೇ ಹೇಳಿದೆ.

ಕೊಟ್ಟೂರಿನಲ್ಲಿ ನಿಮ್ಮ ಅಪ್ಪ ಉಂಗುರ ತೊಡಿಸುವಾಗ ನೆಗೆಣ್ಣಿ ಮುಂದಿನ ಸಾಲಿನಲ್ಲೇ ಕೂತು, ಇದು ಮುಂಡೆ ಮುಟ್ಟಿದ ಹರಳು, ಬದಲಿ ಮಾಡಿಸಬೇಕು ಎಂದು ಪಕ್ಕದವರಿಗೆ ಹೇಳಿದಳು. ನಿಮ್ಮ ಅವ್ವನ ತವರಿನವರ ಕಿವಿಗೂ ಬಿತ್ತು. ಮುಂದೊಮ್ಮೆ ನಿಮ್ಮ ಅವ್ವ ಸ್ಕೂಟಿಯಿಂದ ಬಿದ್ದು ಮಣಿಕಟ್ಟು ಮುರಿದಾಗ ನೆಗೆಣ್ಣಿ ಹಣ್ಣು ಹಿಡಿದು ನೋಡಲು ಬಂದಳು. ಪಟ್ಟಿ ಕಟ್ಟಿದ ಕೈಯನ್ನು ಬಿಟ್ಟು ಉಂಗುರವಿದ್ದ ಕೈಯನ್ನೇ ನೋಡುತ್ತಾ, "ಕಲ್ಲು ಬದಲಿ ಮಾಡ್ರಿ ಅಂತ ಆವತ್ತ ಹೇಳಿದ್ನಿ" ಎಂದಳು. ನಿಮ್ಮ ಅವ್ವ ಆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, ಹಣ್ಣು ವಾಪಸ್ ಒಯ್ಯಿರಿ ಎಂದಳು. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವ ಬಳಕೆಯಿಲ್ಲ. ನನಗೆ ಅದರಿಂದ ಬೇಸರವೂ ಇಲ್ಲ. ಆಕೆಯನ್ನು ಕ್ಷಮಿಸಿದೆ ಎಂದು ನಿಮಗಾಗಿ ಸುಳ್ಳು ಬರೆಯಲಾರೆ.

ಪುಟ್ಟಿ, ಆ ಉಂಗುರ ಮುಂದೆ ನಿನಗೆ ಬರುತ್ತದೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅದನ್ನು ತೆಗೆದುಹಾಕು ಎನ್ನುವವರು ಇರುತ್ತಾರೆ. ಆಕೆ ಹೇಳಿದ್ದು ಹಡಗಲಿಯಿಂದ ಕೊಟ್ಟೂರಿನವರೆಗೆ ಎಲ್ಲರಿಗೂ ಗೊತ್ತು. ನನ್ನ ಮಾತು ಇರುವುದು ಈ ಹಾಳೆಗಳಲ್ಲಿ ಮಾತ್ರ. ಇವನ್ನು ನೀರು, ಗೆದ್ದಲು ತಾಗದ ಕಡೆ ಇಡಿ. ಚಿನ್ನು, ಅಕ್ಕ ಮರೆತರೆ ನೀನು ನೆನಪು ಮಾಡು.