ಕಪೊಯೆರಾಕ್ಕೆ ನಾವು ಅಪ್ಪಂದಿರಾದ ಸಂಜೆ

ದುಬೈನ ಊದ್ ಮೇಥಾದ ಒಂದು ಸಭಾಂಗಣದಲ್ಲಿ ನನ್ನ ಮಗಳು ಕಪೊಯೆರಾ ಕಲಿಯುತ್ತಿದ್ದಳು. ಅದು ಬ್ರೆಜಿಲಿನ ಸಮರಕಲೆ. ನೋಡುವವರಿಗೆ ಕುಣಿತ, ಎದುರು ನಿಂತವರಿಗೆ ಒದೆ. ಅವಳನ್ನು ಬಿಡಲು ಹೋಗುತ್ತಿದ್ದ ನಾನೂ ಹೊಟ್ಟೆ ಕರಗಿಸುವ ಆಸೆಯಿಂದ ಹಿಂದಿನ ಸಾಲಿಗೆ ಸೇರಿಕೊಂಡೆ. ಹೊಟ್ಟೆ ಕರಗಲಿಲ್ಲ. ಮಗಳು ಮಾತ್ರ ಗೆಳತಿಯರ ಎದುರು ನನ್ನ ಗುರುತೇ ಇಲ್ಲದವಳಂತೆ ಇರತೊಡಗಿದಳು.

ಕಲಿಸುತ್ತಿದ್ದವರು ಬ್ರೆಜಿಲಿನ ಕಪ್ಪು ಮೈಬಣ್ಣದ ಮೇಷ್ಟ್ರು. ಬಿಲ್ಲಿಗೆ ಸೋರೆಬುರುಡೆ ಕಟ್ಟಿದಂಥ ಒಂಟಿ ತಂತಿಯ ವಾದ್ಯ ನುಡಿಸುತ್ತ, "ಇದು ನನ್ನ ಹಿರಿಯರದ್ದು. ಅಂಗೋಲಾದಿಂದ ಸರಪಳಿ ಹಾಕಿ ಹಡಗಿನಲ್ಲಿ ತಂದಿದ್ದರು ಅವರನ್ನು. ಕಾದಾಟ ಕಲಿಯಲು ಧಣಿಗಳು ಬಿಡುತ್ತಿರಲಿಲ್ಲ. ಅದಕ್ಕೇ ಇದು ಕುಣಿತದ ಹಾಗೆ ಕಾಣುವುದು" ಎನ್ನುತ್ತಿದ್ದರು.

ನಾವು ಕಪೊಯೆರಾ ಕಲಿಯುವ ಸುದ್ದಿ ನಮ್ಮ ಕನ್ನಡಿಗರ ಸಂಘದ ಅಧ್ಯಕ್ಷರಿಗೆ ಮುಟ್ಟಿತು. ಉಡುಪಿ ಕಡೆಯವರು, ಅಲ್ ಮುರಕ್ಕಬಾತ್‌ನಲ್ಲಿ ಅಂಗಡಿ. ಆ ವರ್ಷ ಸಂಘದಲ್ಲಿ 'ವಿಶ್ವ ಸಂಸ್ಕೃತಿ ಸಂಜೆ'. ವಿಶ್ವ ಅಂದರೆ ಅಲ್ಲಿಯತನಕ ಭರತನಾಟ್ಯ, ಯಕ್ಷಗಾನ ಮತ್ತು ಫಿಲಿಪಿನೋ ಒಬ್ಬ ಹಾಡುವ ಹಿಂದಿ ಹಾಡು. ಮೇಷ್ಟ್ರನ್ನು ಕರೆತರುವ ಕೆಲಸ ನನಗೆ ಬಿತ್ತು.

ಕಾರ್ಯಕ್ರಮದ ದಿನ ಮೇಷ್ಟ್ರನ್ನು ಕಂಡದ್ದೇ ಅಧ್ಯಕ್ಷರು ನನ್ನನ್ನು ಬದಿಗೆಳೆದರು.

"ಬ್ರೆಜಿಲ್ ಹೇಳಿದ್ದಲ್ವಾ ನೀವು? ಇವರು ಆಫ್ರಿಕಾದವರ ಹಾಗೆ ಕಾಣ್ತಾರಲ್ಲ ಮಾರಾಯ್ರೆ!"

"ಆಟವೇ ಆಫ್ರಿಕಾದ್ದು. ಗುಲಾಮರು ತಂದದ್ದು. ಅದರ ಬಗ್ಗೆ ಮೇಷ್ಟ್ರಿಗೆ ಎರಡು ಮಾತು ಹೇಳಬೇಕಂತೆ."

"ಗುಲಾಮರು ಗಿಲಾಮರು ಎಲ್ಲ ಎಂತಕ್ಕೆ? ಫ್ಯಾಮಿಲಿ ಪ್ರೋಗ್ರಾಂ ಇದು. ನಾನು ಚಂದ ಮಾಡಿ ಹೇಳ್ತೇನೆ."

ಚಂದ ಮಾಡಿಯೇ ಹೇಳಿದರು. "ಬಂಧುಗಳೇ, ಈ ಕಲೆಯ ಮೂಲ ಯಾವುದು ಗೊತ್ತುಂಟಾ? ನಮ್ಮ ಕಳರಿಪಯಟ್ಟು! ಪೋರ್ಚುಗೀಸರು ನಮ್ಮ ಕರಾವಳಿಯಿಂದ ಕದ್ದು ಬ್ರೆಜಿಲಿಗೆ ಒಯ್ದದ್ದು!"

ಸಭಾಂಗಣ ಅದುರುವಷ್ಟು ಚಪ್ಪಾಳೆ. ಕನ್ನಡ ಬಾರದ ಮೇಷ್ಟ್ರು ಅದು ತಮಗೇ ಎಂದುಕೊಂಡು ತಲೆಬಾಗಿದರು. ನಂತರ ಪಕ್ಕದಲ್ಲಿದ್ದ ನನ್ನ ಮಗಳನ್ನು ಕೇಳಿದರು, ಅವರು ಏನು ಹೇಳಿದರು ಎಂದು. ನಾನು ಕಣ್ಣಲ್ಲೇ ಬೇಡವೆಂದೆ. ನನ್ನ ಗುರುತೇ ಇಲ್ಲದ ಮಗಳು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದಳು.

ಮೇಷ್ಟ್ರು ಸಿಟ್ಟಾಗಲಿಲ್ಲ. ನಕ್ಕು, ಅಧ್ಯಕ್ಷರ ಮುಂದೆ ಕೈಚಾಚಿದರು: ನಿಮ್ಮದೇ ಕಲೆಯಂತೆ, ಬನ್ನಿ, ಒಂದಾಟ ಆಡೋಣ.

"ಅಯ್ಯೋ, ನನಗೆ ಸೊಂಟ..." ಎಂದರು ಅಧ್ಯಕ್ಷರು. ಅಷ್ಟರಲ್ಲಿ ಹುಡುಗರು ಶಿಳ್ಳೆ ಹಾಕಿ, "ಯಲ್ಲಾ, ಯಲ್ಲಾ!" ಎಂದು ಅರಬಿಯಲ್ಲಿ ಹುರಿದುಂಬಿಸುತ್ತ ಅವರನ್ನು ವೇದಿಕೆಯ ನಡುವೆ ತಳ್ಳಿಯಾಗಿತ್ತು. ಜರಿ ಶಾಲು ಹೊದ್ದುಕೊಂಡೇ ನಾಲ್ಕು ಹೆಜ್ಜೆ ತೂಗಾಡಿದರು. ಮೇಷ್ಟ್ರ ಕಾಲು ಫ್ಯಾನಿನ ರೆಕ್ಕೆಯಂತೆ ಅವರ ತಲೆಯ ಮೇಲೆ ತಿರುಗಿತು. ಕೂದಲಿಗೂ ತಾಗಲಿಲ್ಲ. ನಮ್ಮ ಕಳರಿಯ ವಾರಸುದಾರರು ಮಾತ್ರ ದೊಪ್ಪನೆ ಕೂತುಬಿಟ್ಟರು. ಅದೂ ಪ್ರದರ್ಶನದ ಭಾಗವೆಂದುಕೊಂಡು ಜನ ಮತ್ತೆ ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಅವರನ್ನು ಎಬ್ಬಿಸಿ ತಬ್ಬಿಕೊಂಡು, ಮೈಕ್ ಹಿಡಿದು ಅಂಗೋಲಾದ ಕಥೆ ಹೇಳಿದರು. ಗಲಾಟೆಗೆ ಹೆಸರಾದ ನಮ್ಮ ಸಭೆ ಉಸಿರೆತ್ತದೆ ಕೇಳಿತು. ಬಳಿಕ ಅವರೊಂದು ಸಾಲು ಹಾಡಿದರು, ನಾವು ತಿರುಗಿ ಹಾಡಿದೆವು. ಅರ್ಥ ಒಬ್ಬರಿಗೂ ಗೊತ್ತಿರಲಿಲ್ಲ, ಆದರೂ ನಾನು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದೆ. ಪಕ್ಕದಲ್ಲಿ ಅಧ್ಯಕ್ಷರು ಪಿಸುಗುಟ್ಟಿದರು: "ಸ್ವಲ್ಪ ನೋಡಿ ಮಾರಾಯ್ರೆ, ಪ್ಯಾಂಟು ಹರಿದಿದೆಯಾ?"

ಮುಂದಿನ ವಾರ ತರಗತಿಗೆ ಹೊಸಬರೊಬ್ಬರು ಬಂದರು, ಅಧ್ಯಕ್ಷರ ಹೆಂಡತಿ. "ಇವರನ್ನು ಮುಟ್ಟದೆಯೇ ಕೂರಿಸಿದ್ರಲ್ಲ ಮೇಷ್ಟ್ರು, ನಂಗೆ ಅದು ಕಲೀಬೇಕು" ಎಂದರು. ನನಗಿಂತ ಬೇಗ ಕಲಿತರು. ಅಧ್ಯಕ್ಷರು ಹೊರಗೆ ಕಾರಿನಲ್ಲಿ ಏಸಿ ಹಾಕಿಕೊಂಡು ಕಾಯುತ್ತಿದ್ದರು.