ಕಡಲಕೆರೆಯಲ್ಲಿ ಒಂದು ಮುಗುಡು

ಮೇ ೧೪, ೧೯೬೧, ಭಾನುವಾರ. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಬರೆದದ್ದು.

ಬೆಳಿಗ್ಗೆ ಏಳಕ್ಕೆ ಮಾವನೂ ನಾನೂ ಕಡಲಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂತೆವು. ನೇತ್ರಾವತಿಯಿಂದ ಮಾವ ಬರಿಗೈಯಲ್ಲಿ ಮನೆಗೆ ಬಂದದ್ದನ್ನು ನಾನು ಕಂಡಿಲ್ಲ. ಇಲ್ಲಿ ಹತ್ತು ಗಂಟೆಯಾದರೂ ಅವರಿಗೆ ಸೊನ್ನೆ, ನನಗೂ ಸೊನ್ನೆ. ಪಕ್ಕದಲ್ಲಿದ್ದ ಊರಿನ ಇದಿನಬ್ಬನವರ ಬುಟ್ಟಿಯಲ್ಲಿ ಆಗಲೇ ನಾಲ್ಕು.

“ಹೊಳೆಯಲ್ಲಿ ಕಟ್ಟಿದ ಹಾಗೇ ದಾರಕ್ಕೆ ಭಾರದ ಸೀಸ ಕಟ್ಟಿದ್ದೀರಿ. ಇಲ್ಲಿ ನೀರು ಓಡುವುದಿಲ್ಲ ಮಾರಾಯ್ರೆ. ನಿಮ್ಮ ಎರೆಹುಳ ಕೆಸರಲ್ಲಿ ನಿದ್ದೆ ಮಾಡ್ತಾ ಉಂಟು,” ಎಂದು ಅವರು ನಕ್ಕರು.

“ನಾನು ನಲವತ್ತು ವರ್ಷದಿಂದ ಹೀಗೇ ಹಿಡಿಯುವುದು,” ಎಂದು ಮಾವ ಮುಖ ತಿರುಗಿಸಿದರು.

ನಾನು ಸದ್ದಿಲ್ಲದೆ ನನ್ನ ದಾರದ ಸೀಸ ಬಿಚ್ಚಿ, ಹುಳ ಕೆಸರಿನಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಬೆಂಡು ಕಟ್ಟಿದೆ. ಅರ್ಧ ಗಂಟೆಯಲ್ಲಿ ಬೆಂಡು ಮುಳುಗಿತು. ಮೊಳದುದ್ದದ ಮುಗುಡು ಮೀನು, ಎಣಿಸಿದರೆ ಎಂಟು ಮೀಸೆ. ಒದ್ದೆ ಗೋಣಿಯಲ್ಲಿ ಎರಡು ಗಂಟೆ ಕಳೆದ ಮೇಲೂ ಅದು ಬಾಯಿ ತೆರೆದು ಗಾಳಿ ಕುಡಿಯುತ್ತಿತ್ತು.

ಮಾವ ಕೊನೆಯವರೆಗೂ ಸೀಸ ಬಿಚ್ಚಲಿಲ್ಲ. ಒಂದೂ ಸಿಗಲಿಲ್ಲ.

ಬಸ್ಸಿನಲ್ಲಿ ಅವರ ಕಾಲ ಬಳಿ ಗೋಣಿ ಅಲುಗಿದ್ದನ್ನು ಕಂಡು ಪರಿಚಯದ ಕಂಡಕ್ಟರ್, “ಇವತ್ತೂ ಜೋರು ಬೇಟೆ ಅಲ್ವಾ, ಸಂಜೀವಣ್ಣ?” ಎಂದ. ನಾನು ಕಿಟಕಿಯ ಹೊರಗೆ ನೋಡಿದೆ. ಮಾವ ಹೌದೆಂದಿದ್ದರೂ ನಾನು ಸುಮ್ಮನಿರುತ್ತಿದ್ದೆ.

“ನನಗೆ ಒಂದೂ ಇಲ್ಲ ಮಾರಾಯ,” ಎಂದು ಮಾವ ಗೋಣಿಯ ಬಾಯಿ ಬಿಚ್ಚಿ, ಇಡೀ ಬಸ್ಸಿಗೆ ಕಾಣುವಂತೆ ಎತ್ತಿ ಹಿಡಿದರು. “ಇದು ನನ್ನ ಅಕ್ಕನ ಮಗಳು ಹಿಡಿದದ್ದು.”